ಒಣಹಳ್ಳದ ಮೇಷ್ಟ್ರು

ಒಂದು ತೊಟ್ಟು ನೀರಿಲ್ಲದ ಹಳ್ಳಕ್ಕೆ ಇಳಿಯುವಾಗಲೂ ಸೀತಾಪತಿ ಮೇಷ್ಟ್ರು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಯುಗಾದಿ ಕಳೆದ ಮೇಲಿನ ಉರಿಬಿಸಿಲು, ಕಾಲಿಟ್ಟರೆ ಬೊಬ್ಬೆ ಏಳುವಂಥ ಮರಳು. ಅದರ ಮೇಲೆ ಈ ಮನುಷ್ಯ ತುಂಬಿದ ಹೊಳೆ ದಾಟುವವರ ಹಾಗೆ ಒಂದೊಂದೇ ಹೆಜ್ಜೆ ನೋಡಿ ನೋಡಿ ಇಡುವುದನ್ನು ಕಂಡು ದನ ಕಾಯುವವರು ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾಕೆ ಮೇಷ್ಟ್ರೇ, ಪಂಚೆ ನೆನೆದುಹೋಗ್ತದಾ?"

"ನಗು ಕಣಮ್ಮ ರತ್ನಮ್ಮ, ನಗು. ನೀರು ಕೆಳಗಡೆ ಹೋಗ್ತಾ ಇದೆ. ನಾನು ಅದರ ತಲೆ ಮೇಲೆ ನಡೀತಾ ಇದ್ದೀನಿ. ಚಪ್ಪಲೀಲಿ ತುಳಿಯೋದಾ?"

ಅಂಥಾ ಮನುಷ್ಯ! ಈ ಮಾತು ಆಡಿದ ಬಾಯಿ ಮುಂದೆ ಏನು ಆಡಿತು ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇರಲಿ. ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಒಳ್ಳೆಯದು ಬಹಳ ಇತ್ತು.

ನಮ್ಮೂರು ಮುಳಬಾಗಿಲಿಗೂ ಕುರುಡುಮಲೆಗೂ ನಡುವೆ ಹಳ್ಳದ ದಂಡೆಯಲ್ಲಿದೆ. ನಾನು ಒಬ್ಬಳೇ ಮಗಳೆಂದು ನಮ್ಮಪ್ಪ ಕ್ಯಾಲನೂರಿನ ಕಡೆಯ ಹುಡುಗನನ್ನು ತಂದು ಮನೆಅಳಿಯನನ್ನಾಗಿ ಮಾಡಿಕೊಂಡಿದ್ದರು. ಹಾಗಾಗಿ ಮದುವೆಯಾದ ಮೇಲೂ ನನಗೆ ಊರು ಬದಲಾಗಲಿಲ್ಲ, ನಾಲಿಗೆಯೂ ಬದಲಾಗಲಿಲ್ಲ. ನನ್ನ ಮದುವೆಯಾದ ಮಾರನೆಯ ವರ್ಷ ಮೇಷ್ಟ್ರು ನಮ್ಮ ಎದುರುಮನೆಗೆ ಬಂದರು. ಶ್ರೀನಿವಾಸಪುರದ ಕಡೆಯ ಒಕ್ಕಲು ಮನೆತನ, ಮನೆಮಾತು ತೆಲುಗು. ಬೆಂಗಳೂರಿನಲ್ಲಿ ಓದಿ ಮುಳಬಾಗಿಲಿನ ಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದರು. ಟೌನಿನಲ್ಲಿ ಮನೆ ಸಿಕ್ಕಿದ್ದರೂ ಬೇಡವೆಂದು ನಮ್ಮೂರಿಗೆ ಬಂದವರು. ಯಾಕೆಂದರೆ ಇಲ್ಲಿ ಹಳ್ಳ ಇತ್ತು. ಮದುವೆಗೆ ಹೆಣ್ಣು ನೋಡುವವರು ನೋಡುವ ಹಾಗೆ ಸುತ್ತಮುತ್ತಲ ಹಳ್ಳಗಳನ್ನೆಲ್ಲ ನೋಡಿ ನಮ್ಮದನ್ನು ಒಪ್ಪಿಕೊಂಡಿದ್ದರಂತೆ.

ಬಡಕಲು ಮೈ, ಬಿಸಿಲಿಗೆ ಕರಕಲಾದ ಬೋಳುತಲೆ, ಕಂಕುಳಲ್ಲಿ ಒಂದು ಹಳೇ ಕೊಡೆ. ಆ ಕೊಡೆಯನ್ನು ಬಿಡಿಸಿದ್ದನ್ನು ಯಾರೂ ನೋಡಿಲ್ಲ. ಅದು ಇದ್ದದ್ದು ಮರಳಿಗೆ ಚುಚ್ಚಲಿಕ್ಕೆ. ಚುಚ್ಚಿ, ಎಳೆದು, ತುದಿಗೆ ಅಂಟಿದ ಮರಳನ್ನು ಮೂಸಿ ನೋಡುತ್ತಿದ್ದರು. ಸಂತೋಷವಾದರೆ ಕನ್ನಡ ಮರೆತುಹೋಗುತ್ತಿತ್ತು. "ಚೂಡಮ್ಮಾ, ಚೂಡು! ಎಂತ ಬಾಗುಂದೋ!" ಅಂತ, ಎಷ್ಟು ಚೆನ್ನಾಗಿದೆ ನೋಡು ಅಂತ, ಒಂದು ಹಿಡಿ ಮರಳನ್ನು ನಮ್ಮ ಮುಖಕ್ಕೆ ಹಿಡಿಯುತ್ತಿದ್ದರು. ನಮ್ಮ ಕಣ್ಣಿಗೆ ಅದು ಮರಳೇ. ಊರಿನಲ್ಲಿ ಅವರಿಗೆ ಒಣಹಳ್ಳದ ಮೇಷ್ಟ್ರು ಅಂತಲೇ ಹೆಸರು ಬಿತ್ತು. ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

ಹರಿಯುವ ಹೊಳೆಯ ಬಗ್ಗೆ ಯಾರು ಬೇಕಾದರೂ ಮಾತಾಡುತ್ತಾರೆ, ಹರಿದು ನಿಲ್ಲುವ ಹಳ್ಳವನ್ನು ಕೇಳುವವರೇ ಇಲ್ಲ ಅನ್ನುವುದು ಅವರ ಕೊರಗು. "ನಿಂತುಹೋದ ಮೇಲೂ ಅದು ಹಳ್ಳವೇ ಕಣಮ್ಮ. ನೀನು ಮಲಗಿದಾಗ ರತ್ನಮ್ಮ ಅಲ್ವೇನು?" ಅನ್ನುತ್ತಿದ್ದರು. ಬೇಸಿಗೆ ಬರುತ್ತಿದ್ದಂತೆ ಹರಿವು ಕೆಳಗಿನಿಂದ ಮೇಲಕ್ಕೆ ಮೋಟಾಗುತ್ತ ಬರುತ್ತದೆ. ನೀರು ಎಲ್ಲಿಗೆ ಮುಗಿಯಿತೋ ಆ ಜಾಗಕ್ಕೆ ಅವರು 'ಹಳ್ಳದ ಬಾಲ' ಅನ್ನುತ್ತಿದ್ದರು. ಬಾಲ ಎಲ್ಲಿದೆಯೋ ಅಲ್ಲಿ ಒಂದು ಎಕ್ಕದ ಕಡ್ಡಿ ನೆಡುವುದು, ಮತ್ತೆ ಒಂದು ವಾರಕ್ಕೆ ಹಿಂದಕ್ಕೆ ಸರಿದರೆ ಅಲ್ಲೊಂದು. ನಾನು ಬಟ್ಟೆ ಒಗೆಯಲು ಹೋಗುತ್ತಿದ್ದವಳು, ಹೋದಾಗ ನೆಟ್ಟುಬರುವ ಕೆಲಸ ನನಗೇ ಬಂತು. ನನ್ನ ಗಂಡ ನಗುತ್ತಿದ್ದರು: "ಏನೇ, ರಾಗಿ ಪೈರು ನಾಟಿ ಮಾಡೋದು ಬಿಟ್ಟು ಕಡ್ಡಿ ನಾಟಿಗೆ ಹೊರಟ್ಯಾ?"

ಆ ಕಡ್ಡಿ ನೆಡುವಾಗಲೇ ನನಗೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಹೋದರೆ ಬಾಲ ಕಡ್ಡಿಯಿಂದ ಮುಂದಕ್ಕೆ ಬಂದಿರುತ್ತಿತ್ತು. ಮಧ್ಯಾಹ್ನ ಹೋದರೆ ಹಿಂದಕ್ಕೆ. ಬಿಸಿಲಿಗೆ ಆರುತ್ತದೆ ಅಂದುಕೊಂಡರೂ, ಆರಿದ ನೀರು ಮತ್ತೆ ಬರುವುದು ಹೇಗೆ? ಮೇಷ್ಟ್ರಿಗೆ ಹೇಳಿದೆ. ಅವರು ಕುಣಿಯುವುದೊಂದು ಬಾಕಿ.

"ಅಬ್ಬಬ್ಬಾ! ನೋಡಿದ್ಯಾ ನೋಡಿದ್ಯಾ! ದಂಡೆ ಮೇಲಿನ ಹೊಂಗೆ ಮರಗಳು ಕಣಮ್ಮ! ಹಗಲೆಲ್ಲ ಬೇರಿನಿಂದ ಕುಡೀತವೆ. ಕತ್ತಲಾದ್ರೆ ಕುಡಿಯೋದು ನಿಲ್ಲಿಸ್ತವೆ. ಆಗ ಒಳಗಿನ ನೀರು ಮೇಲಕ್ಕೆ ಬರ್ತದೆ. ಒಳಗೆ ಇಲ್ಲದಿದ್ರೆ ಎಲ್ಲಿಂದ ಬರ್ಬೇಕು ಹೇಳು?"

ಅವತ್ತಿನಿಂದ ಆ ಮರಗಳನ್ನು ನೋಡಿದಾಗೆಲ್ಲ ಸಾಲಾಗಿ ನಿಂತು ನೀರು ಕುಡಿಯುವ ಎಮ್ಮೆಗಳ ನೆನಪಾಗುತ್ತಿತ್ತು. ಇಂಥದ್ದನ್ನು ಯಾರು ಹೇಳಿಕೊಡುತ್ತಾರೆ ನಮ್ಮಂಥವರಿಗೆ? ನಾಲ್ಕನೇ ಕ್ಲಾಸಿಗೆ ಸ್ಲೇಟು ಎತ್ತಿಟ್ಟ ಹೆಂಗಸು ನಾನು. ಅವರು ಒಂದು ದಿನವಾದರೂ ನಿನಗೆ ಯಾಕೆ ಇದೆಲ್ಲ ಅಂದವರಲ್ಲ. ಸ್ಕೂಲಿನ ಹುಡುಗರಿಗೆ ಹೇಳುವಷ್ಟೇ ಶ್ರದ್ಧೆಯಿಂದ ನನಗೆ ಹೇಳುತ್ತಿದ್ದರು. ನನಗೆ ಒಡಹುಟ್ಟಿದ ಅಣ್ಣ ಇರಲಿಲ್ಲ, ಇದ್ದಿದ್ದರೆ ಹೀಗೇ ಇರುತ್ತಿದ್ದ ಅಂದುಕೊಂಡಿದ್ದೆ.

ಇನ್ನೊಂದು ಹೇಳಲೇಬೇಕು. ಹಳ್ಳದ ಮಡು ಒಣಗಿ ತಳ ಬಿರುಕು ಬಿಟ್ಟಿದ್ದ ಒಂದು ಬೇಸಿಗೆಯಲ್ಲಿ ಆ ತಳದ ಒಣಮಣ್ಣನ್ನು ಪುಡಿಮಾಡಿ ಒಂದು ಗಾಜಿನ ಭರಣಿಗೆ ಹಾಕಿ, ಮೇಲೆ ಸೋಸಿದ ಮಳೆನೀರು ಸುರಿದು, ನಮ್ಮ ಜಗಲಿಯ ಮೇಲೆ ತಂದಿಟ್ಟರು. ಮೊದಲು ಬರೀ ಕೆಸರು. ನಮ್ಮಮ್ಮ "ಉಪ್ಪಿನಕಾಯಿ ಭರಣಿಗೆ ಎಂಥಾ ಗತಿ ಬಂತಪ್ಪ" ಅಂತ ಗೊಣಗಿದರು. ವಾರ ತುಂಬುವುದರೊಳಗೆ ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಜೀವಗಳು ಅಂಗಾತ ಮಲಗಿ ಈಜಾಡುತ್ತಿದ್ದವು, ಒಂದೊಂದಕ್ಕೂ ರೆಪ್ಪೆಯಂಥ ಕಾಲುಗಳು. ಬೀದಿಯ ಹೆಂಗಸರೆಲ್ಲ ಬಂದು ಬಗ್ಗಿ ನೋಡಿದರು. ನಮ್ಮಮ್ಮ ಕೈಮುಗಿದರು. ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ, "ನೋಡ್ರಮ್ಮ, ಆ ಧೂಳಲ್ಲಿ ಮೊಟ್ಟೆ ಆಗಿ ಕೂತಿದ್ವು ಇವು. ಸತ್ತಿರ್ಲಿಲ್ಲ. ಕಾಯ್ತಾ ಇದ್ವು. ಒಣಗಿದೆ ಅಂತ ಹಳ್ಳನ ಬಿಟ್ಟುಕೊಡಬಾರದು" ಅಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನಟನೆಯಲ್ಲ, ನಾನು ಆಣೆ ಇಟ್ಟು ಹೇಳುತ್ತೇನೆ.

ಈಗ ಚಿಲುಮೆಗಳ ವಿಷಯ. ನಮ್ಮ ಊರಿನ ಕೆಳಗೆ ಹಳ್ಳಕ್ಕೆ ಅಡ್ಡವಾಗಿ ಒಂದು ಕಲ್ಲುಬಂಡೆ ಹಾದುಹೋಗುತ್ತದೆ. ಮೇಲಿನಿಂದ ಮರಳಿನೊಳಗೇ ಹರಿದುಬರುವ ನೀರು ಈ ಅಡ್ಡಬಂಡೆಗೆ ತಡೆದು ನಿಂತು ಮೇಲಕ್ಕೆ ಏರುತ್ತದೆ. ಆದ್ದರಿಂದ ಅಲ್ಲಿ ಮೊಳಕೈಯಷ್ಟು ಮರಳು ತೋಡಿದರೆ ಎಂಥಾ ಬೇಸಿಗೆಯಲ್ಲೂ ನೀರು ಒಸರುತ್ತಿತ್ತು. ಆ ಗುಂಡಿಗೆ ಚಿಲುಮೆ ಅನ್ನುತ್ತೇವೆ. ಹರಿವು ನಿಂತ ಮೇಲೆ ಒಂದು ಮಂಗಳವಾರ ಅರಿಶಿನ ಕುಂಕುಮ ಇಟ್ಟು ಹೆಂಗಸರೇ ಚಿಲುಮೆ ತೆಗೆಯುವುದು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುವುದು. ಕಲ್ಲುಸಕ್ಕರೆಯಂಥ ನೀರು. ಊರಿಗೆ ಇನ್ನೊಂದು ಬಾವಿ ಇತ್ತು, ದಿಣ್ಣೆಯ ಮೇಲೆ, ದೂರ. ಅದರ ನೀರು ಉಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ದನವೂ ಮೂಸಿ ಮುಖ ತಿರುಗಿಸುತ್ತದೆ. ಮಳೆ ಬರುವವರೆಗೆ ನಮ್ಮ ಊರು ಬದುಕುತ್ತಿದ್ದದ್ದು ಚಿಲುಮೆಗಳಿಂದ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲಕ್ಕೆ, ಪ್ಯಾರಾಚೂಟಿಗೆ ಬೇಕೆಂದು, ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ನಮ್ಮೂರ ಪಾಪಣ್ಣ ಸಾಹುಕಾರ ಹಿಪ್ಪುನೇರಳೆ ತೋಟವನ್ನು ಹಳ್ಳದ ದಂಡೆಯವರೆಗೂ ಎಳೆದ. ಅಡ್ಡಬಂಡೆಗೆ ಸ್ವಲ್ಪ ಮೇಲೆ, ಮರಳಿಗೆ ಅಂಟಿಕೊಂಡ ಹಾಗೆ ಒಂದು ದೊಡ್ಡ ಬಾವಿ ತೋಡಿಸಿ ಆಯಿಲ್ ಇಂಜಿನ್ ಇಡುತ್ತೇನೆ ಅಂತ ಹೊರಟ. ಮೇಷ್ಟ್ರು ನಮ್ಮ ಜಗಲಿಗೆ ಬಂದವರೇ ಕೊಡೆಯನ್ನು ನೆಲಕ್ಕೆ ಕುಟ್ಟಿದರು.

"ಅವನು ಬಾವಿ ತೋಡ್ತಾ ಇಲ್ಲ ಕಣಮ್ಮ. ಹಳ್ಳದ ಪಕ್ಕೆಗೆ ತೂತು ಕೊರೀತಾ ಇದ್ದಾನೆ. ಬಂಡೆಗೆ ಬರೋ ನೀರೆಲ್ಲ ಮೊದಲು ಅವನ ಬಾವಿಗೆ ಇಳಿದುಬಿಡ್ತದೆ. ನಿಮ್ಮ ಚಿಲುಮೆ ಮುಗೀತು."

"ಹಂಗಾದ್ರೆ ಏನ್ ಮಾಡೋದು ಮೇಷ್ಟ್ರೇ?"

"ತಾಲೂಕಿನ ಅಮಲ್ದಾರ್ರಿಗೆ ಅರ್ಜಿ ಹಾಕೋಣ. ನಾನು ಬರೆದುಕೊಡ್ತೀನಿ."

ಬರೆದುಕೊಟ್ಟರು. ಊರ ಮುಂದೆ ಓದಿಯೂ ಹೇಳಿದರು. ನೀರು ಮರಳಿನೊಳಗೆ ಹರಿಯುವುದು, ಬಂಡೆಗೆ ತಡೆದು ಏರುವುದು, ಎಲ್ಲ ಅಚ್ಚುಕಟ್ಟಾಗಿ ಬಂದಿತ್ತು. ಕೆಳಗೆ ಪಟೇಲರೂ ಊರವರೂ ರುಜು ಹಾಕಿದರು, ಹೆಬ್ಬೆಟ್ಟು ಒತ್ತಿದರು. ಅಮಲ್ದಾರರು ತಾವೇ ಬಂದು ಜಾಗ ನೋಡುವುದಾಗಿ ಹೇಳಿಕಳಿಸಿದರು. ನಮಗೆ ಧೈರ್ಯ ಬಂತು. ಸೈನ್ಸ್ ಓದಿದ ಮನುಷ್ಯ ನಮ್ಮ ಕಡೆ ಇರುವಾಗ ಭಯ ಯಾಕೆ?

ದೊಡ್ಡವರು ಬರುತ್ತಾರೆ ಅಂದರೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ. ದಾರಿಗೆ ನೀರು ಚಿಮುಕಿಸಿ ಧೂಳು ಅಡಗಿಸಬೇಕು, ಗುಂಡಿ ತಗ್ಗು ಸಮ ಮಾಡಬೇಕು, ರಂಗೋಲಿ ಹಾಕಬೇಕು. ಪಟೇಲರು ಬೆಳಿಗ್ಗೆಯೇ ಬೀದಿಬೀದಿ ಕೂಗಿದರು. "ದೊರೆಗಳ ಕಾಲು ಚಿಲುಮೆಗೆ ಸಿಕ್ಕೊಂಡ್ರೆ ಊರ ಮಾನ ಉಳಿತದೇನ್ರಮ್ಮ? ಎಲ್ಲಾ ಮುಚ್ಚಿ ಸಮ ಮಾಡ್ರಿ." ಸರಿ, ನಾವು ಹೆಂಗಸರು ಸೆರಗು ಬಿಗಿದು ನಿಂತೆವು. ಚಿಲುಮೆಯಲ್ಲಿದ್ದ ನೀರನ್ನೆಲ್ಲ ಮೊಗೆದು ಗಾಡಿದಾರಿಗೆ ಚಿಮುಕಿಸಿದೆವು. ಆಮೇಲೆ ಮರಳು ಎಳೆದು ಒಂದೊಂದೇ ಚಿಲುಮೆ ಮುಚ್ಚಿ, ಕಾಲಿಂದ ತುಳಿದು, ಪೊರಕೆಯಲ್ಲಿ ಗುಡಿಸಿದೆವು. ಹಳ್ಳ ಮದುವೆ ಚಪ್ಪರದ ನೆಲದ ಹಾಗೆ ಆಯಿತು. ಯಾವ ನೀರನ್ನು ತೋರಿಸಬೇಕೆಂದು ಅಮಲ್ದಾರರನ್ನು ಕರೆಸಿದ್ದೆವೋ ಅದನ್ನು ಅವರ ಮರ್ಯಾದೆಗಾಗಿ ನಮ್ಮ ಕೈಯಾರೆ ಮುಚ್ಚಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ ನೋಡಿ!

ಒಬ್ಬರಿಗೆ ಹೊಳೆದಿತ್ತು. ಮೇಷ್ಟ್ರು ಸ್ಕೂಲಿಗೆ ಹೊರಟವರು ದಂಡೆಯ ಮೇಲೆ ನಿಂತು ನಮ್ಮನ್ನು ನೋಡಿದರು. ನಾನು ಪೊರಕೆ ಹಿಡಿದೇ ಕೂಗಿದೆ, "ಹೆಂಗೈತೆ ಮೇಷ್ಟ್ರೇ?" ಅವರು ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿಕೊಂಡರು. ಆಮೇಲೆ "ಚೆನ್ನಾಗಿದೆ ಕಣಮ್ಮ" ಅಂದು ಹೊರಟುಹೋದರು.

ಮಧ್ಯಾಹ್ನ ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಅಮಲ್ದಾರರ ಜಟಕಾ ಬಂತು. ಪಕ್ಕದಲ್ಲಿ ಪಾಪಣ್ಣ ಸಾಹುಕಾರ, ಹಿಂದೆ ಕೋಟು ಪೇಟ ತೊಟ್ಟ ನಮ್ಮ ಮೇಷ್ಟ್ರು. ಮರಳು ಬೆಳ್ಳಗೆ ಹುರಿದ ರವೆಯ ಹಾಗೆ ಬಿದ್ದಿತ್ತು. ಅಮಲ್ದಾರರು ಸುತ್ತಲೂ ನೋಡಿದರು.

"ಎಲ್ರೀ ಪಟೇಲ್ರೇ ನಿಮ್ಮ ಚಿಲುಮೆ?"

"ಇಲ್ಲೇ ಇದ್ವು ಮಾಸ್ವಾಮಿ. ತಾವು ದಯಮಾಡಿಸ್ತೀರ ಅಂತ ಮುಚ್ಚಿಸ್ದೆ."

ಅಮಲ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಕ್ಷೀನ ಮಣ್ಣು ಮುಚ್ಚಿ ರಂಗೋಲಿ ಹಾಕಿದವರನ್ನ ಇವತ್ತೇ ಕಂಡಿದ್ದು ಕಣ್ರೀ!" ಅಂದು ಮೇಷ್ಟ್ರ ಕಡೆ ತಿರುಗಿದರು. "ನೀವು ಸೈನ್ಸ್ ಓದಿದವರು. ಅರ್ಜೀಲಿ ಒಳಗಡೆ ನೀರು ಹರೀತದೆ ಅಂತ ಬರೆದವರೂ ನೀವೇ. ಹೇಳಿ, ಬೇಸಿಗೇಲಿ ಇಲ್ಲಿ ನೀರು ಇರ್ತದೋ ಇಲ್ವೋ?"

ನನಗೆ ಎದೆ ಹಗುರಾಯಿತು. ಸದ್ಯ, ಸರಿಯಾದವರನ್ನು ಕೇಳಿದರಲ್ಲ. 'ಇಲ್ಲಿ ತೋಡಿಸಿ, ಒಂದು ಗಳಿಗೆ ಕಾಯಿರಿ' ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ಊರವರು ಹೇಳಿದ್ದನ್ನ ಬರೆದುಕೊಟ್ಟೆ ಅಷ್ಟೆ, ಸಾರ್. ಬೇಸಿಗೇಲಿ ಇದು ಒಣ ಹಳ್ಳ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬೇರೆ ಯಾರೋ ಮಾತಾಡಿದರು ಅಂದುಕೊಂಡು ಹಿಂದೆ ತಿರುಗಿ ನೋಡಿದೆ. ಆಮೇಲೆ ನನ್ನ ಕಾಲು ತಾವಾಗಿ ಮುಂದೆ ಹೋದವು. ಅಮಲ್ದಾರರು, ಪಟೇಲರು, ಗಂಡಸರು, ಯಾರೂ ಕಾಣಲಿಲ್ಲ. ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಮರಳು ಗೋರಿದೆ. ನನ್ನ ಗಂಡ "ಏಯ್, ಏಳೇ" ಅಂತ ತೋಳು ಹಿಡಿದರು, ಕೊಡವಿದೆ. ಒಂದು ಗೇಣು ಹೋಗುವುದರೊಳಗೆ ಮರಳು ಕಪ್ಪಾಯಿತು, ತಣ್ಣಗಾಯಿತು. ಮುಚ್ಚಿ ತುಳಿದ ಚಿಲುಮೆ ಮತ್ತೆ ಒಸರಲು ಹೊತ್ತು ಬೇಕು, ಅದು ನನಗೆ ಗೊತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒದ್ದೆ ಮರಳನ್ನು ಬೊಗಸೆಯಲ್ಲಿ ಎತ್ತಿ ಅವರ ಮುಖಕ್ಕೆ ಹಿಡಿದೆ.

"ಹಂಗಾದ್ರೆ ಇದೇನು ಮೇಷ್ಟ್ರೇ? ಹೇಳ್ರಿ, ಇದೇನು?"

ಅವರು ನನ್ನ ಮುಖ ನೋಡಲಿಲ್ಲ. ಅಮಲ್ದಾರರ ಕಡೆಗೇ ನೋಡುತ್ತ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳಿದರು. "ತೇವ, ಸಾರ್. ಮರಳು ಹಿಡಿದುಕೊಂಡಿರೋ ತೇವ. ಎಲ್ಲಾ ಮರಳಲ್ಲೂ ಇರ್ತದೆ. ಹರಿಯೋ ನೀರಲ್ಲ."

ಜಟಕಾ ಹೊರಟುಹೋಯಿತು. ನಾನು ತೋಡಿದ ಗುಂಡಿಯ ಪಕ್ಕ ಅಲ್ಲೇ ಕೂತಿದ್ದೆ. ಹೊತ್ತು ಇಳಿಯುತ್ತಿದ್ದಂತೆ ತಳದಲ್ಲಿ ನೀರು ಕಾಣಿಸಿಕೊಂಡಿತು. ಚಿಪ್ಪಿನಲ್ಲಿ ಮೊಗೆದುಕೊಂಡು ಸೀದಾ ಅವರ ಮನೆ ಬಾಗಿಲಿಗೆ ಹೋದೆ. ಮೇಷ್ಟ್ರು ಪಡಸಾಲೆಯಲ್ಲಿ ಪೇಟ ಬಿಚ್ಚಿಟ್ಟುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ "ಗೊತ್ತು ಕಣಮ್ಮ" ಅಂದರು.

"ಗೊತ್ತಿದ್ದೂ ಹಂಗಂದ್ರಾ? ಊರೆಲ್ಲ ನಿಮ್ಮನ್ನ ನಂಬಿತ್ತು ಮೇಷ್ಟ್ರೇ. ನಾನು ನಂಬಿದ್ದೆ!"

ಅವರು ಒಳಗಡೆ ನೋಡಿದರು. ಅಲ್ಲಿ ಅವರ ಮಗಳು ಸರೋಜ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ಚಿಪ್ಪಿನ ನೀರನ್ನು ಅವರ ಹೊಸಿಲ ಮೇಲೆ ಸುರಿದು ಬಂದೆ.

ಯಾಕೆ ಅನ್ನುವುದು ಮುಂದಿನ ತಿಂಗಳು ಊರಿಗೇ ಗೊತ್ತಾಯಿತು. ಸರೋಜನಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕಲೆ ಉಳಿದಿತ್ತು. ಬಂಗಾರದಂಥ ಹುಡುಗಿ, ನನ್ನನ್ನು ಬಾಯಿತುಂಬ 'ರತ್ನತ್ತೆ' ಅಂತ ಕರೆಯುವವಳು. ನೋಡಲು ಬಂದ ಗಂಡಿನವರೆಲ್ಲ ಉಪ್ಪಿಟ್ಟು ತಿಂದು ಹೋಗಿ ಸುದ್ದಿಯೇ ಇಲ್ಲ. ಈಗ ಪಾಪಣ್ಣ ಸಾಹುಕಾರನ ತಂಗಿಯ ಮಗ, ಕೋಲಾರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಅವಳನ್ನು ಒಪ್ಪಿದ್ದಾನೆ ಅಂತ ಸುದ್ದಿ ಬಂತು. ವೀಳ್ಯ ಬದಲಾಯಿಸಿದರು. ಅಪ್ಪನ ಸಂಕಟ ನನಗೆ ಅರ್ಥವಾಗದ್ದಲ್ಲ. ನನ್ನ ಹತ್ತಿರ ಬಂದು, 'ರತ್ನಮ್ಮ, ನನ್ನ ಮಗಳ ಬಾಳು ಹೀಗಿದೆ, ನಾನು ಬಾಯಿ ಬಿಡಲಾರೆ, ಅಮಲ್ದಾರರ ಮುಂದೆ ನಾನು ಬರುವುದೇ ಇಲ್ಲ' ಅಂದಿದ್ದರೆ ನಾನು ಅವರ ಕೈ ಹಿಡಿದು ಅತ್ತುಬಿಡುತ್ತಿದ್ದೆ. ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು, ಚಿಲುಮೆಯನ್ನಾದರೂ ಮುಚ್ಚದೆ ಬಿಡುತ್ತಿದ್ದೆವು. ಹೇಳದೆ, ನಾವು ಗುಡಿಸುವುದನ್ನು ನಿಂತು ನೋಡಿ, ಚೆನ್ನಾಗಿದೆ ಅಂದು ಹೋದರಲ್ಲ, ಅದನ್ನು ನಾನು ಕ್ಷಮಿಸಲಾರೆ.

ಬಾವಿ ಆಯಿತು. ನಮಗೆ ದೀಪಕ್ಕೆ ಸೀಮೆಎಣ್ಣೆ ಸಿಗದ ಕಾಲದಲ್ಲಿ ಸಾಹುಕಾರನ ಇಂಜಿನ್ನಿಗೆ ಎಲ್ಲಿಂದಲೋ ಎಣ್ಣೆ ಬರುತ್ತಿತ್ತು. ಮುಂದಿನ ಬೇಸಿಗೆಗೆ ಚಿಲುಮೆ ತೆಗೆದರೆ ಮೊಳಕೈ ಹೋಗಿ ತೋಳು ಮುಳುಗುವಷ್ಟು ತೋಡಬೇಕಾಯಿತು. ಮೇಷ್ಟ್ರು ಹೇಳಿದಂತೆಯೇ, ಅಕ್ಷರ ತಪ್ಪದೆ. ಅವರು ಕಲಿಸಿದ್ದೆಲ್ಲ ನಿಜ, ಅದೇ ನನ್ನ ಹೊಟ್ಟೆ ಉರಿಸುತ್ತಿತ್ತು. ಸುಳ್ಳು ಕಲಿಸಿದ್ದರೆ ಮರೆತುಬಿಡಬಹುದಿತ್ತು. ನಾವು ದಿಣ್ಣೆ ಬಾವಿಯ ಉಪ್ಪುನೀರಿಗೆ ಕೊಡ ಹೊತ್ತೆವು. ಊರಿನವರು ಪಟೇಲರ ಮನೆಯಲ್ಲಿ ಸೇರಿ, ಇಂಜಿನ್ನಿನಿಂದ ಹಳ್ಳ ಹಾಳಾಯಿತೆಂದು ಇನ್ನೊಂದು ಅರ್ಜಿ ಹಾಕುವುದೆಂದು ಮಾತಾಡಿಕೊಂಡರು. ಈ ಸಲ ಗುಂಡಿ ಮುಚ್ಚುವುದಿಲ್ಲ ಅಂತ ಪಟೇಲರು ಎಲ್ಲರ ಮುಂದೆ ಕಿವಿ ಹಿಡಿದುಕೊಂಡರು. ನಮಗೆ ಉಳಿದಿದ್ದ ಆಸೆ ಅದೊಂದೇ.

ಅಷ್ಟರಲ್ಲಿ ಸರೋಜನ ಮದುವೆ ಬಂತು. ನಾನು ಮೇಷ್ಟ್ರ ಮನೆಯ ಮಾತು ಬಿಟ್ಟು ವರ್ಷವಾಗಿತ್ತು. ಹಿಂದಿನ ದಿನ ಆ ಹುಡುಗಿ ಅರಿಶಿನದ ಮೈಯಲ್ಲೇ ನಮ್ಮ ಅಡುಗೆಮನೆಗೆ ಬಂದು ನಿಂತಳು.

"ರತ್ನತ್ತೆ, ಧಾರೆ ನೀರು ನೀವೇ ತರ್ಬೇಕು. ಬೇರೆ ಯಾರು ತಂದ್ರೂ ನಾನು ಕೈ ಒಡ್ಡಲ್ಲ."

ನಮ್ಮೂರ ಹೆಣ್ಣಿಗೆ ಧಾರೆ ಎರೆಯಲು ನಮ್ಮ ಹಳ್ಳದ ನೀರೇ ಆಗಬೇಕು, ಹಳ್ಳ ನಿಂತಿದ್ದರೆ ಚಿಲುಮೆಯದು. ಇಲ್ಲದಿದ್ದರೆ ಹುಡುಗಿಯ ಒಡಲು ತಣ್ಣಗಿರುವುದಿಲ್ಲ ಅನ್ನುವ ನಂಬಿಕೆ. ಧಾರೆಗೆ ಮುಂಚೆ ಹುಡುಗಿಯ ಅಪ್ಪ ಆ ನೀರನ್ನು ಒಂದು ಗುಟುಕು ಕುಡಿಯುವುದು ಶಾಸ್ತ್ರ. ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಏನು ಮಾಡಿದ್ದಳು ಪಾಪ?

ಮುಹೂರ್ತದ ಬೆಳಿಗ್ಗೆ ನಾನೂ ಇನ್ನಿಬ್ಬರು ಮುತ್ತೈದೆಯರೂ ಕೊಡ ತೆಗೆದುಕೊಂಡು ಹಳ್ಳಕ್ಕೆ ಹೋದೆವು. ಮೇಲುಗಡೆ ಇಂಜಿನ್ನು ಟಕಟಕ ಅನ್ನುತ್ತಿತ್ತು, ಮದುವೆಯ ದಿನವೂ ಅದಕ್ಕೆ ಬಿಡುವಿಲ್ಲ. ತೋಳು ಮುಳುಗುವವರೆಗೆ ತೋಡಿದೆ, ಉಗುರು ಕಿತ್ತುಬಂತು. ಒದ್ದೆ ಮರಳು ಮಾತ್ರ. ಕಾದೆವು, ಒಸರಲಿಲ್ಲ. ಅಲ್ಲಿ ವಾಲಗ ಶುರುವಾಯಿತು. ಜೊತೆಯವಳೊಬ್ಬಳು, "ಖಾಲಿ ಕೊಡ ತಗೊಂಡ್ಹೋಗೋಣ ಕಣಕ್ಕ. ಆ ಸಾಹುಕಾರನ ಮುಂದೆ ಮಡಗೋಣ. ಕಣ್ಣಾರೆ ನೋಡ್ಲಿ" ಅಂದಳು. ಸುಳ್ಳು ಯಾಕೆ, ನನ್ನ ಮನಸ್ಸೂ ಹಾಗೇ ಅಂದಿತು. ಆದರೆ ಮಣೆಯ ಮೇಲೆ ಕೈ ಒಡ್ಡಿ ಕೂತ ಸರೋಜನ ಮುಖ ಕಣ್ಣಮುಂದೆ ಬಂತು. ಖಾಲಿ ಕೊಡ ನೋಡಿದ ಅತ್ತೆಮನೆಯವರು ಜೀವಮಾನವೆಲ್ಲ ಅವಳನ್ನು ಅನ್ನುತ್ತಾರೆ. ಮೂವರೂ ಓಡಿ ದಿಣ್ಣೆ ಬಾವಿಯಿಂದ ನೀರು ಸೇದಿದೆವು. ಯಾರಿಗೂ ಹೇಳಕೂಡದು ಅಂತ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಚಪ್ಪರದಲ್ಲಿ ಕೊಡ ಇಳಿಸಿದೆ. ಪುರೋಹಿತರು ಉದ್ಧರಣೆಯಲ್ಲಿ ನೀರು ತೆಗೆದು ಮೇಷ್ಟ್ರ ಅಂಗೈಗೆ ಹಾಕಿದರು. ಅವರು ಬಾಯಿಗೆ ಹಾಕಿಕೊಂಡರು. ತುಟಿ ಒಂದು ಚೂರು ಸೊಟ್ಟಗಾಯಿತು. ಆ ಉಪ್ಪನ್ನು ತಿಳಿಯಲು ಮೇಷ್ಟ್ರೇ ಆಗಬೇಕಿಲ್ಲ, ಮಗುವಿಗೂ ತಿಳಿಯುತ್ತದೆ. ವರ್ಷದ ಮೇಲೆ ಮೊದಲ ಸಲ ತಲೆಯೆತ್ತಿ ನನ್ನ ಕಣ್ಣು ನೋಡಿದರು. ಹಳ್ಳದಲ್ಲಿ ನೀರಿಲ್ಲ, ನಾನು ಎಲ್ಲಿಂದ ತಂದೆ, ಯಾರಿಗಾಗಿ ತಂದೆ, ಎಲ್ಲಾ ಅವರಿಗೆ ಆ ಒಂದು ಗುಟುಕಿನಲ್ಲಿ ತಿಳಿದುಹೋಯಿತು. ಅವರ ಕಣ್ಣು ತುಂಬಿತು. ಇನ್ನಾದರೂ ಈ ಮನುಷ್ಯ ನಮ್ಮವರಾಗುತ್ತಾರೆ, ಮದುವೆ ಮುಗಿಯಲಿ, ನಾಳೆ ಬಂದು ಅರ್ಜಿ ತಾವೇ ಬರೆಯುತ್ತಾರೆ ಅನ್ನಿಸಿತು ನನಗೆ.

ಎದುರಿಗೆ ಬೀಗರ ಸಾಲಿನಲ್ಲಿ ಕೂತಿದ್ದ ಪಾಪಣ್ಣ ಸಾಹುಕಾರ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಏನ್ ಮೇಷ್ಟ್ರೇ, ಹಳ್ಳದ ನೀರೇನಾ?"

ಪಟೇಲರಿದ್ದರು, ಶಾನುಭೋಗರಿದ್ದರು, ಅರ್ಜಿಗೆ ರುಜು ಹಾಕಬೇಕಾದ ಅಷ್ಟೂ ಜನ ಇದ್ದರು. ಮೇಷ್ಟ್ರು ಕಣ್ಣೊರೆಸಿಕೊಂಡರು.

"ನಮ್ಮ ಹಳ್ಳದ್ದೇ. ಚಿಲುಮೆ ನೀರು. ಸಿಹಿಯಾಗಿದೆ."

"ನೋಡ್ರಪ್ಪಾ!" ಸಾಹುಕಾರ ತೊಡೆ ತಟ್ಟಿದ. "ಇಂಜಿನ್ನಿಂದ ಹಳ್ಳ ಬತ್ತೋಯ್ತು ಅಂತ ಮತ್ತೆ ಅರ್ಜಿ ಹಾಕ್ತಾರಂತೆ! ಊರ ಮುಂದೆ ಕೊಡ ತುಂಬಿ ತಂದವಳು ಯಾರು, ನಮ್ಮ ರತ್ನಮ್ಮನೇ ಅಲ್ವಾ!"

ಎಲ್ಲರೂ ನನ್ನನ್ನು ನೋಡಿದರು. ಜೊತೆಗೆ ಬಂದಿದ್ದವರಿಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಬಾಯಿ ಬಿಟ್ಟರೆ ಧಾರೆಯ ಹೊತ್ತಿನಲ್ಲಿ ಆ ಹುಡುಗಿಯ ತಲೆ ಮೇಲೆ ಅಪಶಕುನ. ಮೇಷ್ಟ್ರಿಗೆ ಅದೂ ಗೊತ್ತಿತ್ತು. ನಾನು ಬಾಯಿ ಬಿಡುವುದಿಲ್ಲ ಅನ್ನುವುದನ್ನು ನಂಬಿಯೇ ಅವರು ಆ ಮಾತು ಹೇಳಿದ್ದು. ವಾಲಗದವರು ಜೋರಾಗಿ ಊದಿದರು, ಸರೋಜನ ಕೈ ಮೇಲೆ ಧಾರೆ ಬಿತ್ತು, ನಾನು ಎಲ್ಲರ ಜೊತೆ ಅಕ್ಷತೆ ಹಾಕಿದೆ. ಅರ್ಜಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಸ್ವಲ್ಪ ದಿನಕ್ಕೆ ಮೇಷ್ಟ್ರಿಗೆ ಕೋಲಾರಕ್ಕೆ ವರ್ಗವಾಯಿತು. ಸಾಮಾನಿನ ಗಾಡಿ ಹೊರಡುವಾಗ ನಮ್ಮ ಬಾಗಿಲಿನ ಕಡೆ ನೋಡುತ್ತ ನಿಂತಿದ್ದರಂತೆ. ನಾನು ಹಿತ್ತಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದೆ, ಈಚೆಗೆ ಬರಲಿಲ್ಲ. ಆಮೇಲೆ ಅವರನ್ನು ನಾನು ನೋಡಲೇ ಇಲ್ಲ. ಯುದ್ಧ ಮುಗಿದ ಮೇಲೆ ಒಂದು ದಿನ ಹೋಗಿಬಿಟ್ಟರು ಅಂತ ಸುದ್ದಿ ಬಂತು. ನನ್ನ ಗಂಡ ಹೋಗಿಬಂದರು. ನಾನು ಹೋಗಲಿಲ್ಲ. ಆದರೆ ಅವತ್ತು ಒಲೆ ಹಚ್ಚಲು ಕೈ ಬರಲಿಲ್ಲ, ಅದೂ ನಿಜ.

ಮಾರನೆಯ ಬೇಸಿಗೆ ಸರೋಜ ಮಗುವನ್ನು ಎತ್ತಿಕೊಂಡು ನಮ್ಮನೆಗೆ ಬಂದಳು. ಬಿಸಿಲಲ್ಲಿ ಬಂದಿದ್ದಳು, ಚೊಂಬು ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಇದೇನು ರತ್ನತ್ತೆ, ಇಷ್ಟು ಉಪ್ಪು! ನನ್ನ ಧಾರೆಗೆ ನೀವು ತಂದ ನೀರು ಅಷ್ಟು ಸಿಹಿಯಾಗಿತ್ತಂತೆ. ಅಪ್ಪ ಕೊನೇವರೆಗೂ ಎಲ್ರ ಹತ್ರಾನೂ ಅದನ್ನೇ ಹೇಳೋರು. ನಿಜವಾಗ್ಲೂ ಅಷ್ಟು ಸಿಹಿ ಇತ್ತಾ ಅತ್ತೆ?"

ಅವಳ ಕಲೆ ತುಂಬಿದ ಮುಖದಲ್ಲಿ ಅಪ್ಪನ ಮೇಲಿನ ಪ್ರೀತಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಮಗು ನನ್ನ ಸೆರಗು ಹಿಡಿದು ಎಳೆಯುತ್ತಿತ್ತು.

"ಹೂಂ ಕಣಮ್ಮ," ಅಂದೆ. "ಸಿಹಿಯಾಗೇ ಇತ್ತು."

ಸತ್ತ ಮೇಲೂ ಆ ಮನುಷ್ಯ ನನ್ನ ಬಾಯಲ್ಲಿ ತಮ್ಮ ಸುಳ್ಳು ಹೇಳಿಸಿಬಿಟ್ಟರು.